ಮೊಸ್ಕಾಟೊದಲ್ಲಿ ಇಳಿಯಬೇಡಿ

ಹಡಗು ಇಳಿದು ಬಂದಿರಾ? ಬನ್ನಿ, ಈ ನೆರಳಿಗೆ ನಿಲ್ಲಿ.
ಅಕ್ರೊಪೊಲಿಸ್ ತಾನೆ? ಗೊತ್ತು.
ಪಿರೇಯಸ್ಸಿನ ಈ ಗೇಟಿನಲ್ಲಿ
ಎಳ್ಳು ಹಚ್ಚಿದ ಬಳೆಬ್ರೆಡ್ಡು ಮಾರುತ್ತ ಹತ್ತೊಂಬತ್ತು ವರ್ಷ,
ಯಾರೂ ಬೇರೆ ದಾರಿ ಕೇಳಿದ್ದಿಲ್ಲ,
ಒಬ್ಬಳನ್ನು ಬಿಟ್ಟು. ಅವಳ ಮಾತು ಆಮೇಲೆ.

ಆ ಹಳದಿ ಟ್ಯಾಕ್ಸಿಯವ, ಅಂಗಿಗುಂಡಿ ಬಿಚ್ಚಿದವ,
‘ಬಸ್ಸಿಲ್ಲ, ಇವತ್ತು ಮುಷ್ಕರ’ ಅನ್ನುತ್ತಾನೆ.
ಅವನ ಪಾಲಿಗೆ ದಿನಾ ಮುಷ್ಕರವೇ.
ನನ್ನ ನಾದಿನಿಯ ಗಂಡ, ಥ್ರಾಸಿವುಲೋಸ್ ಅಂತ.
ಮನುಷ್ಯ ಕೆಟ್ಟವನಲ್ಲ; ಕೆಟ್ಟಿರುವುದು ಮೀಟರು.

ಗೋಡೆ ಹಿಡಿದು ಎಡಕ್ಕೆ ನಡೆಯಿರಿ,
ಬೆಕ್ಕುಗಳು ಒರಗಿ ಮಲಗಿದ ತುಕ್ಕು ಲಂಗರಿನ ತನಕ.
ಅಲ್ಲೊಂದು ಕಂಬ, ಕಂಬಕ್ಕೊಂದು ಬೆಂಚು, ಬೆಂಚಿಗೆ ಮೂರು ಕಾಲು.
ಅದೇ ಬಸ್‌ಸ್ಟಾಪು.
ಕೈ ತೋರಿಸಿ. ತೋರಿಸದಿದ್ದರೆ ಅವನು ನಿಲ್ಲಿಸುವುದಿಲ್ಲ,
ತೋರಿಸಿದರೂ ಕೆಲವೊಮ್ಮೆ.

ಮೆಟ್ರೊ ಸ್ಟೇಷನ್ನು ಹಳೇ ಕಾಲದ್ದು, ಗಾಜಿನ ಕಮಾನು,
ಒಳಗೆ ಪಾರಿವಾಳಗಳದೇ ಕಾರುಬಾರು.
ಒಂದು ಚೀಟಿಗೆ ಒಂದೂವರೆ ಗಂಟೆ. ಗೇಟಿಗೆ ಮುಟ್ಟಿಸಿ, ಜೋಪಾನ ಮಾಡಿ.
ಬ್ಯಾಗು ಬೆನ್ನಿಗಲ್ಲ, ಹೊಟ್ಟೆಗೆ;
ಬಸುರಿಯ ಹಾಗೆ ಕೈಯಿಟ್ಟು ಹಿಡಿಯಿರಿ.
ಬಾಗಿಲ ಹತ್ತಿರ ನಕ್ಷೆ ಬಿಚ್ಚಿ ದಾರಿ ಕೇಳುವ ಚಂದದ ಹುಡುಗರು
ಈ ಊರನ್ನು ನನಗಿಂತ ಚೆನ್ನಾಗಿ ಬಲ್ಲರು.

ಫಾಲಿರೊ. ಆಮೇಲೆ ಮೊಸ್ಕಾಟೊ.
ಮೊಸ್ಕಾಟೊದಲ್ಲಿ ಇಳಿಯಬೇಡಿ, ನೋಡುವಂಥದ್ದೇನೂ ಇಲ್ಲ.
ಎಡಗಿಟಕಿಯಲ್ಲಿ ಮೂರನೇ ಮಹಡಿ, ಹಸಿರು ಬಾಗಿಲು,
ಹಗ್ಗದ ಮೇಲೆ ನನ್ನ ಅತ್ತೆ ಗರಿಫಾಲಿಯಾಳ ಕರಿ ಲಂಗಗಳು.
ಮಾವ ಸತ್ತ ವರ್ಷ ಒಂದೇ ಇತ್ತು, ಈಗ ಒಂಬತ್ತಾಗಿವೆ.
ಕೈ ಬೀಸಬೇಡಿ ಮತ್ತೆ.
ಯಾರೋ ಬಂದರೆಂದು ಮುದುಕಿ
ಬೇಳೆಯ ಪಾತ್ರೆಗೆ ಇನ್ನೊಂದು ಲೋಟ ನೀರು ಹುಯ್ದುಬಿಡುತ್ತಾಳೆ.

ಕಲ್ಲಿಥೆಯಾ, ತಾವ್ರೊಸ್, ಪೆತ್ರಾಲೊನಾ.
ಹೆಸರು ಓದಲು ಬಾರದಿದ್ದರೆ ಬೆರಳು ಮಡಚಿ. ಆರನೆಯದು ಥಿಸಿಯೊ.
ಜನವೆಲ್ಲ ಮುಂದಿನದಕ್ಕೆ ಇಳಿಯುತ್ತದೆ, ನೀವು ಇಲ್ಲೇ ಇಳಿಯಿರಿ.
ಆಲಿವ್ ಮರಗಳ ನಡುವೆ ಏರುದಾರಿ,
ತಲೆಯೆತ್ತಿದರೆ ಬಂಡೆ, ಬಂಡೆಯ ಮೇಲೆ ಅದು,
ನಿಮ್ಮ ಕೈಯ ಚಿತ್ರದಲ್ಲಿರುವ ಹಾಗೆಯೇ. ಮುರಿದದ್ದು.
ಹೇಗಿದೆ ಎಂದು ನನ್ನನ್ನು ಕೇಳಬೇಡಿ.
ಸ್ಕೂಲಿನಲ್ಲಿದ್ದಾಗ ಹತ್ತಿದ್ದು; ನೆನಪಿರುವುದು
ಬಿಸಿಕಲ್ಲಿನ ಮೇಲೆ ಕಿತ್ತುಹೋದ ಚಪ್ಪಲಿ ಮಾತ್ರ.

ಮೂರಕ್ಕೆಲ್ಲ ವಾಪಸು ಹೊರಡಿ. ಹಡಗು ಕಾಯುವುದಿಲ್ಲ.
ಏದುಸಿರು ಬಿಡುತ್ತ ಓಡಿಬಂದವರನ್ನು ಕಂಡಿದ್ದೇನೆ,
ಕಂಕುಳಲ್ಲಿ ಅಂಗಡಿಯಿಂದ ಕೊಂಡ ಕಲ್ಲಿನ ಗೂಬೆ,
ಹಡಗಿನ ಬೆನ್ನು ಅಷ್ಟು ದೂರದಲ್ಲಿ.
ಗೂಬೆಯೊಂದೇ ಗಾಬರಿಯಾಗಿರಲಿಲ್ಲ.

ಹೂಂ, ಅವಳು. ಲಿಗಾಯಾ.
ನಿಮ್ಮದರಂಥದೇ ಹಡಗು, ಆದರೆ ಕಿಟಕಿಯಿಲ್ಲದ ಅಂತಸ್ತು.
ನೀವು ಮುಖ ಒರೆಸಿ ಬಿಸಾಡಿದ ಟವೆಲ್ಲು ಒಗೆದು ಮಡಚುವವಳು.
ಏಳು ತಿಂಗಳ ದುಡಿಮೆಗೆ ನಾಲ್ಕು ಗಂಟೆಯ ರಜ.
‘ಅಕ್ಕಾ, ಅಲ್ಲಾಡದ ಜಾಗ ಎಲ್ಲಿದೆ?’
ನಾನು ಬಂಡೆಯ ದಿಕ್ಕಿಗೆ ಕೈ ತೋರಿಸಿದೆ.
ಅದಲ್ಲ ಎಂದಳು. ‘ಮಲಗುವುದಕ್ಕೆ.’

ಬುಟ್ಟಿಯನ್ನು ಥ್ರಾಸಿವುಲೋಸನ ಡಿಕ್ಕಿಗೆ ಹಾಕಿ
ಜೊತೆಗೆ ಹೊರಟೆ. ಮೊಸ್ಕಾಟೊದಲ್ಲಿ ಇಳಿದೆವು.
ಅತ್ತೆ ಯಾವ ದೇಶವೆಂದು ಕೇಳಲಿಲ್ಲ, ತಟ್ಟೆ ಇಟ್ಟಳು.
ಬೇಳೆ ಉಂಡು ಹುಡುಗಿ ನನ್ನ ಮಂಚದಲ್ಲಿ, ಬೂಟು ಕೂಡ ಬಿಚ್ಚದೆ,
ಗೋಡೆಗೆ ಅಂಗೈ ಒತ್ತಿಕೊಂಡು ಮಲಗಿದಳು,
ಬಿಟ್ಟರೆ ಗೋಡೆ ತೇಲಿಹೋದೀತು ಎಂಬಂತೆ.

ನಮ್ಮ ಮನೆ ಪಕ್ಕ ಏಳು ನಿಮಿಷಕ್ಕೊಂದು ರೈಲು.
ಕಪಾಟಿನಲ್ಲಿ ಲೋಟಗಳು ಗಲಗಲ ಅನ್ನುತ್ತವೆ.
ಮೊದಲ ರೈಲಿನ ಸದ್ದಿಗೆ ಅತ್ತೆ ಎದ್ದುಹೋಗಿ,
ನೆಲದ ಮೇಲೆ ಕೂತು,
ಎರಡೂ ಕೈಯಲ್ಲಿ ಮಂಚದ ಕಾಲು ಹಿಡಿದಳು.
ಹದಿನೇಳು ರೈಲು ಹೋದವು.

ನೋಡಿ, ನಿಮ್ಮ ಬಸ್ಸು ಬಂತು. ಓಡಿ.
ಕೈ ತೋರಿಸಿ.